ಹೊಂಗೆ ಮರದ ಕೆಳಗೆ ಬರೆದ ಮುಖ

ರಾಜಾಜಿನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ನಾನು ನಿವೃತ್ತಿಯಾದ ಮೇಲೆ ಪ್ಯಾಸ್ಟೆಲ್ ಹಿಡಿದೆ. ಪ್ಯಾಸ್ಟೆಲ್ ಅಂದರೆ ಬಣ್ಣದ ಪುಡಿಯನ್ನು ಒತ್ತಿ ಮಾಡಿದ ಕಡ್ಡಿ. ನೀರು ಬೇಡ, ಕುಂಚ ಬೇಡ, ಬೆರಳಲ್ಲೇ ತಿಕ್ಕಿ ಬರೆಯಬಹುದು. ಆದರೆ ಮೇಲೆ ಅಂಟಿನ ಸ್ಪ್ರೇ ಹೊಡೆಯುವವರೆಗೆ ಚಿತ್ರವೆಲ್ಲ ಹಾಳೆಯ ಮೇಲೆ ಕೂತ ಧೂಳು, ಅಷ್ಟೆ.

ಭಾನುವಾರ ಬೆಳಿಗ್ಗೆ ನನ್ನ ಗಂಡ ಸ್ಕೂಟರಿನಲ್ಲಿ ಕೆಂಗೇರಿ ಆಚೆಯ ಒಂದು ಕೆರೆಗೆ ಕರೆದುಕೊಂಡು ಹೋಗುತ್ತಿದ್ದರು. ನೋಡಲು ಬರುವಂಥ ಕೆರೆಯೇನಲ್ಲ. ಈಚೆ ದಡದಲ್ಲಿ ಜೊಂಡು, ಆಚೆ ಅಪಾರ್ಟ್‌ಮೆಂಟುಗಳು, ಕೋಡಿಯ ಹತ್ತಿರ ಕೊಳಚೆಯ ನೊರೆ. ನನ್ನ ಪೆಟ್ಟಿಗೆಯಲ್ಲಿ ಬೂದು, ಮಣ್ಣಿನ ಬಣ್ಣದ ಕಡ್ಡಿಗಳು ಸವೆದು ಚೂರಾಗುತ್ತಿದ್ದವು. ನೀಲಿ ಮಾತ್ರ ಹಾಗೇ ಇರುತ್ತಿತ್ತು.

"ಇದಕ್ಕಿಂತ ಒಳ್ಳೇ ಜಾಗ ಸಿಗ್ಲಿಲ್ವೇನೇ ನಿಂಗೆ? ಲಾಲ್‌ಬಾಗ್‌ಗಾದ್ರೂ ಹೋಗೋಣ" ಅನ್ನುತ್ತಿದ್ದರು.

"ಇಲ್ಲಿ ಬೆಳಕು ಚೆನ್ನಾಗಿದೆ ರೀ."

ಅದು ನಿಜ. ಹೊಗೆಮಂಜಿನೊಳಗಿಂದ ಸೂರ್ಯ ಬಂದಾಗ ಆ ಹೊಲಸು ನೊರೆ ಕೂಡ ಗುಲಾಬಿಯಾಗುತ್ತಿತ್ತು. ನಾನು ಬರೆಯುವಷ್ಟು ಹೊತ್ತು ಅವರು ಹೊಂಗೆ ಮರಕ್ಕೆ ಒರಗಿ ಪೇಪರ್ ಓದಿ, ಹಾಗೇ ನಿದ್ದೆಹೋಗುತ್ತಿದ್ದರು.

ಆ ಭಾನುವಾರ ದಡದುದ್ದಕ್ಕೂ ಸತ್ತ ಮೀನು ತೇಲಿಬಂದಿದ್ದವು. ವಾಸನೆಗೆ ಕೆರೆಯ ಕಡೆ ಮುಖ ಮಾಡಲಾಗದೆ ಬೋರ್ಡನ್ನು ಅವರ ಕಡೆ ತಿರುಗಿಸಿಕೊಂಡೆ. "ನನ್ನ ಮೂತಿ ಬರೀಬೇಡ, ಹಾಳೆ ದಂಡ" ಎಂದು ಎಂದೂ ಬರೆಯಲು ಬಿಡದ ಮನುಷ್ಯ. ನಿದ್ದೆಯಲ್ಲಿದ್ದಾರೆ, ಏಳುವುದರೊಳಗೆ ಮುಗಿಸಿಬಿಡೋಣ ಅಂತ ಬೇಗಬೇಗ ಬರೆದೆ. ಹಣೆ ಸುಲಭವಾಗಿ ಬಂತು. ಕೆನ್ನೆಯಲ್ಲಿ ನಾನು ಎಂದೂ ಕಾಣದ ಒಂದು ಬೂದಿ ಬಣ್ಣವಿತ್ತು. ಎಲೆಗಳ ನೆರಳಿರಬೇಕು ಅಂದುಕೊಂಡೆ. ತುಟಿಗೆ ನೀಲಿ ಬೇಕಾಯಿತು.

"ಏಳ್ರೀ, ಬೈಬೇಡಿ, ಬಂದ್ನೋಡಿ" ಅಂದೆ. ಏಳಲಿಲ್ಲ. ಭುಜ ಮುಟ್ಟಿದರೆ ಪಕ್ಕಕ್ಕೆ ವಾಲಿದರು.

ಏರಿಯ ಮೇಲೆ ಓಡುತ್ತಿದ್ದ ಯುವಕನೊಬ್ಬ ನನ್ನ ಕೂಗು ಕೇಳಿ ಬಂದು, "ಗಾಬರಿ ಆಗ್ಬೇಡಿ ಆಂಟಿ" ಎನ್ನುತ್ತಲೇ ಆಂಬುಲೆನ್ಸ್ ಕರೆಸಿದ. ಆಸ್ಪತ್ರೆಯ ಡಾಕ್ಟರು, "ನಿದ್ದೇಲೇ ಹಾರ್ಟ್ ನಿಂತಿದೆ ಅಮ್ಮ. ನೀವು ಏನೂ ಮಾಡೋಕಾಗ್ತಿರ್ಲಿಲ್ಲ" ಅಂದರು.

ಮನೆ ತುಂಬ ಜನ ಇರುವಾಗಲೇ ನನ್ನ ನಾದಿನಿ ಕೇಳಿದಳು: "ಪಕ್ಕದಲ್ಲೇ ಕೂತಿದ್ರಲ್ಲ ಅತ್ತಿಗೆ, ಒಂದ್ಸಲಾನೂ ತಿರುಗಿ ನೋಡ್ಲಿಲ್ವಾ?"

ಅಷ್ಟು ಹೊತ್ತೂ ಅವರನ್ನೇ ನೋಡುತ್ತಿದ್ದೆ ಎಂದು ಹೇಗೆ ಹೇಳಲಿ? ಚಿತ್ರವನ್ನು ಬೀರುವಿನ ಮೇಲಿಟ್ಟೆ. ಯಾರಿಗೂ ತೋರಿಸಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೊರಟ ಮೇಲೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ಅವರ ಕಣ್ಣಿಗೆ ಆಗಲೇ ಮಂಜು ಕವಿದಿತ್ತು. ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು.

"ಹೋಗೋವಾಗ ಒದ್ದಾಡಿದ್ನೇನೇ ಅವನು? ನಿಜ ಹೇಳು."

"ಇಲ್ಲ ಅತ್ತೆ."

"ನಿಂಗೆ ಹೇಗೆ ಗೊತ್ತು?"

ಬೀರುವಿನ ಮೇಲಿಂದ ಹಾಳೆ ತೆಗೆದು ಅವರ ಮಡಿಲಲ್ಲಿಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಾಣಿಸಲಿಲ್ಲವೋ ಏನೋ, ಬೆರಳಿಟ್ಟರು. ಮಲಗಿದ ಮಗುವನ್ನು ಸವರುವ ಹಾಗೆ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ತುಟಿಗೆ ಸವರಿದರು. ಸ್ಪ್ರೇ ಹೊಡೆದಿರಲಿಲ್ಲ. ಬೇಡ ಅತ್ತೆ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅವರು ಕೈ ತೆಗೆದಾಗ ಬಾಯಿ ಅಳಿಸಿಹೋಗಿತ್ತು, ಒಂದು ಕೆನ್ನೆ ಮರದ ತೊಗಟೆಯೊಳಗೆ ಕಲಸಿಹೋಗಿತ್ತು.

"ನೆಮ್ಮದಿಯಾಗಿದಾನೆ" ಅಂದರು.

ಬೂದಿ ಬಣ್ಣ ಮೆತ್ತಿದ ಅವರ ಬೆರಳನ್ನು ನನ್ನ ಸೆರಗಿನಲ್ಲಿ ಒರೆಸಿದೆ. ಆ ಬಾಯನ್ನು ಮತ್ತೆ ಬರೆಯಲು ಎಷ್ಟೋ ಸಲ ಕೂತೆ, ಬರಲಿಲ್ಲ.

ಕೆರೆಗೆ ಆಮೇಲೆ ಹೋಗಿಲ್ಲ. ಕೆಂಗೇರಿಗೆ ಮೆಟ್ರೋ ಇದೆ, ಹೋಗಬಹುದು. ಕಾಲು ಬರುವುದಿಲ್ಲ. ಈಗ ತಾರಸಿಯ ಮೇಲೆ ಕೂತು ನೀರಿನ ಟ್ಯಾಂಕುಗಳನ್ನೂ, ಎದುರು ಮನೆಯ ನುಗ್ಗೆ ಮರವನ್ನೂ ಬರೆಯುತ್ತೇನೆ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಾರೆ. ಅವರ ತಲೆ ಎದೆಯ ಮೇಲೆ ಬಾಗಿದರೆ ಸಾಕು, ಕಡ್ಡಿ ಕೆಳಗಿಟ್ಟು "ಅತ್ತೆ" ಅನ್ನುತ್ತೇನೆ.

ಕಣ್ಣು ತೆರೆಯುವುದಿಲ್ಲ. "ಇದೀನಿ ಕಣೇ, ಬರಿ ನೀನು" ಅನ್ನುತ್ತಾರೆ.