ಹೆಸರು ಎರಡು, ಸ್ಪ್ರಿಂಗ್ ಒಂದೇ

ಕೆಂಟಕಿಯ ಗುಡ್ಡಗಳಲ್ಲಿ ಇನ್ನೂ ನಸುಕು. ಅರವತ್ತೆಂಟರ ವರ್ಲೀನ್ ಸ್ಟ್ಯಾಂಪರ್ ಆಗಲೇ ಮೇಜಿನ ಮುಂದೆ ನಿಂತು ಒಂಟಿ ನಳಿಗೆಯ ಹಳೇ ಬಂದೂಕೊಂದರ ಹೊಟ್ಟೆ ಬಿಚ್ಚಿದ್ದಾರೆ. ಇಂದು ಅಳಿಲು ಬೇಟೆಯ ಮೊದಲ ದಿನ. ಎಂಬತ್ತೊಂದರ ಹಾಯ್ಟ್ ಕೋಂಬ್ಸ್ ಹನ್ನೊಂದನೇ ವಯಸ್ಸಿನಿಂದ ಒಂದು ವರ್ಷವೂ ತಪ್ಪದೆ, ಅಪ್ಪನ ಇದೇ ಬಂದೂಕು ಹಿಡಿದು ಈ ದಿನ ಕಾಡಿಗೆ ಹೋದವರು. ನಿನ್ನೆ ಅದರ ಸ್ಪ್ರಿಂಗ್ ಮುರಿಯಿತು. ಈಗ ಬಾಗಿಲಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದಾರೆ.

ಮೊಳೆ, ಬಕೆಟ್ಟು ಮಾರುವ ಅಂಗಡಿಗಳೇ ಒಂದು ಕಾಲದಲ್ಲಿ ಇಂಥ ಬಂದೂಕುಗಳಿಗೆ ತಮ್ಮಿಷ್ಟದ ಹೆಸರು ಒತ್ತಿಸಿ ಅಗ್ಗಕ್ಕೆ ಮಾರುತ್ತಿದ್ದವು. ಮಾಡಿದವರ ಹೆಸರು ಎಲ್ಲೂ ಇರುವುದಿಲ್ಲ. ದೊಡ್ಡ ರಿಪೇರಿಯವರು ಇವನ್ನು ಮೂಸಿಯೂ ನೋಡರು. ಗಣಿ ಕುಸಿದು ಗಂಡ ಹೋದ ಮೇಲೆ ಅವನ ರಿಪೇರಿಯ ಅರಗಳನ್ನು ಕೈಗೆತ್ತಿಕೊಂಡ ವರ್ಲೀನ್ ಮಾತ್ರ ಮೂವತ್ತೊಂದು ವರ್ಷದಿಂದ ವಾರಕ್ಕೆ ಐದಾರನ್ನು ಬದುಕಿಸುತ್ತಿದ್ದಾರೆ. ನಳಿಗೆ ಬಿರುಕು ಬಿಟ್ಟಿದ್ದರೆ ಮುಲಾಜಿಲ್ಲದೆ, ಗೋಡೆಗೆ ತೂಗುಹಾಕಿ ಎಂದುಬಿಡುತ್ತಾರೆ.

ಹೋದ ತಿಂಗಳು ಹಾಗೆ ಅನ್ನಿಸಿಕೊಂಡವರು ಹಾಯ್ಟ್ ಅವರ ಹೆಂಡತಿಯ ತಮ್ಮ ಆರ್ವಲ್ ನೇಪಿಯರ್. ಭಾವನದು ಪೇಟೆ ಅಂಗಡಿಯ ‘ರಿಡ್ಜ್ ಕಿಂಗ್’, ಇವರದು ಅಂಚೆಯಲ್ಲಿ ತರಿಸಿದ ‘ಬ್ಲೂ ಹೆರನ್’. ಯಾವುದು ಮೇಲು ಎಂಬ ಜಗಳಕ್ಕೆ ಐವತ್ತು ವರ್ಷ. ವರ್ಲೀನ್‌ಗೆ ಆಗಲೇ ಒಂದು ಗುಮಾನಿ ಬಂದಿತ್ತು, ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಸಂಜೆ ಆರ್ವಲ್‌ಗೆ ಫೋನ್ ಮಾಡಿ, ಗೋಡೆಯ ಮೇಲಿನದನ್ನು ತರಲು ಹೇಳಿದರು. ಏಕೆಂದು ಹೇಳಲಿಲ್ಲ.

ಈಗ ಆರ್ವಲ್ ತಂದಿಟ್ಟ ಅದನ್ನೂ ಬಿಚ್ಚುತ್ತಾರೆ. ಮೂವರೂ ಬಗ್ಗಿ ನೋಡುತ್ತಾರೆ. ಒಳಗೆ ಅದೇ ತಿರುಪು, ಅದೇ ಸ್ಪ್ರಿಂಗ್!

“ಎರಡೂ ಒಂದೇ ತಾಯಿ ಮಕ್ಕಳು ಕಣ್ರಪ್ಪ. ಸುಮ್ನೆ ಗಂಟಲು ಹರ್ಕೊಂಡ್ರಿ,” ಎಂದು ವರ್ಲೀನ್ ನಗುತ್ತಾರೆ. ಆದರೆ ಕೈ ಹಾಕುವುದಿಲ್ಲ. ಬಂದೂಕು ಆರ್ವಲ್ ಅವರದು, ಸ್ಪ್ರಿಂಗ್ ತೆಗೆಯಲು ಒಪ್ಪಿಗೆಯೂ ಅವರೇ ಕೊಡಬೇಕು.

ಆರ್ವಲ್ ತಮ್ಮ ಬಂದೂಕಿನ ಹಿಡಿಯನ್ನು ಒಮ್ಮೆ ಸವರುತ್ತಾರೆ. “ತಗೀರಿ, ವರ್ಲೀನಕ್ಕ. ಭಾವ, ಇವತ್ತು ಗುರಿ ಬಿದ್ರೆ ಅದು ನಮ್ ಹೆರನ್‌ದು, ನೆನಪಿರ್ಲಿ.”

“ತಪ್ಪಿದ್ರೂ ಅದ್ರದ್ದೇ ಕಣಯ್ಯ,” ಎನ್ನುವ ಹಾಯ್ಟ್ ಅವರ ಕಣ್ಣು ಒದ್ದೆ.

ಸ್ಪ್ರಿಂಗ್ ‘ರಿಡ್ಜ್ ಕಿಂಗ್’ನೊಳಗೆ ಕೂರುತ್ತದೆ. ಹಾಯ್ಟ್ ಎಳೆ ಹುಡುಗನಂತೆ ಗುಡ್ಡ ಹತ್ತುತ್ತಾರೆ. ನೀವು ರಿಪೇರಿ ಮಾಡಿದ್ದಕ್ಕಾದರೂ ನಿಮ್ಮ ಹೆಸರು ಒತ್ತಬಾರದೇ ಎಂದು ಆರ್ವಲ್ ಕೇಳಿದರೆ ವರ್ಲೀನ್ ಬೇಡವೆಂದು ತಲೆಯಾಡಿಸುತ್ತಾರೆ. “ಮಾಡ್ದೋರ ಹೆಸ್ರೇ ಇಲ್ಲ, ನಂದ್ಯಾಕೆ? ಸದ್ದು ಕೇಳಿದ್ರೆ ಸಾಕು.”

ಗುಡ್ಡದ ಮೇಲೆ ಢಂ ಎನ್ನುತ್ತದೆ.

“ನಂದು!” ಎಂದು ಆರ್ವಲ್ ಕುರ್ಚಿಯಿಂದ ಎದ್ದೇಬಿಡುತ್ತಾರೆ.

ವರ್ಲೀನ್ ಅರವನ್ನು ಬಟ್ಟೆಯಲ್ಲಿ ಒರೆಸುತ್ತಾರೆ. “ಅರ್ಧ ನಂದು.”