ಅಟ್ಟದ ಕೆಳಗಿನ ಅಂಬಾಸಿಡರ್

ನಮ್ಮ ಕೊಬ್ಬರಿ ಮನೆಯ ಅಟ್ಟದ ಮೇಲೆ ಕೊಬ್ಬರಿಯಾಗಲು ಒಣಗುವ ವರ್ಷದ ತೆಂಗಿನಕಾಯಿ, ಅಟ್ಟದ ಕೆಳಗೆ ತಾತ ಮೂತಿ ಬಾಗಿಲ ಕಡೆ ಮಾಡಿ ನಿಲ್ಲಿಸಿದ್ದ ಅಂಬಾಸಿಡರ್. ತಾತ ಹೋದ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಯುಗಾದಿ ಕಳೆದ ಮೇಲೆ, ರಿಪೇರಿ ಮಾಡುತ್ತೇನೆಂದು ನಾನು ಬಾನೆಟ್ ಎತ್ತಿದಾಗ ಅಪ್ಪ ಒಂದೇ ಮಾತು ಹೇಳಿದರು: "ಅಟ್ಟದ ಕಾಯಿ ಇಳ್ಸೋ ದಿನ ಇದು ತಾನಾಗಿ ಹೊರಗೆ ಬರ್ಬೇಕು ಕಣಮ್ಮ. ತಳ್ಳಿದ್ರೆ ಲೆಕ್ಕಕ್ಕಿಲ್ಲ. ಬರ್ಲಿಲ್ಲ ಅಂದ್ರೆ ತಿಪಟೂರಿನ ಗುಜರಿಯವನಿಗೆ ಫೋನ್ ಮಾಡ್ತೀನಿ."

ಅಂದಿನಿಂದ ನನ್ನ ದಿನಚರಿಯಲ್ಲಿ ತಾರೀಖಿನ ಕೆಳಗೆ ಎರಡು ಕಾಲಂ: ಬಿಚ್ಚಿದ್ದು, ಕೂಡಿಸಿದ್ದು. ಮಳೆಗಾಲ ಮುಗಿಯುವವರೆಗೂ ಮೊದಲನೆಯದೇ ಉದ್ದ. ಊಟಕ್ಕೆ ಕೂತರೆ, ಆ ಬೋಲ್ಟ್ ಬಿಗಿ ಮಾಡಿದೆನೋ ಇಲ್ಲವೋ ಎನಿಸಿ ಕೈಯಲ್ಲಿ ಅನ್ನವಿದ್ದಂತೆಯೇ ಎದ್ದು ಹೋಗುತ್ತಿದ್ದೆ.

"ಕೂತ್ಕೊಂಡು ತಿನ್ನೇ, ಅದೇನು ಓಡೋಗ್ತದಾ?" ಎಂದು ಅಮ್ಮ ರೇಗುತ್ತಿದ್ದಳು.

ಓಡಿಹೋಗಲಿ ಎಂಬುದೇ ನನ್ನ ಆಸೆ.

ತುಕ್ಕು ಕೆರೆದೆ, ಬ್ರೇಕಿನ ರಬ್ಬರುಗಳನ್ನು ಬದಲಿಸಿದೆ. ಹಳೆಯ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದೆ. ತಾತನ ಕಾಲದಲ್ಲಿ ಗಾಡಿ ನಿಧಾನವಾದರೆ ದೀಪವೂ ಮಂಕಾಗುತ್ತಿತ್ತು. ಕಾರ್ಬ್ಯುರೇಟರಿನ ತಲೆಯಲ್ಲಿ ಒಂದು ಪುಟ್ಟ ಕೊಳವೆಯಿದೆ. ಅದರೊಳಗಿನ ಪಿಸ್ಟನ್ ಮೇಲೆದ್ದಂತೆ ಇಂಜಿನ್ನಿಗೆ ಗಾಳಿ, ಪೆಟ್ರೋಲು ಹೆಚ್ಚು ಹೋಗುತ್ತದೆ. ಕೊಳವೆಗೆ ತೆಳು ಎಣ್ಣೆ ಹಾಕಬೇಕು. ಹಾಕಿದೆ. ಕಾರ್ತಿಕದ ಒಂದು ಮಧ್ಯಾಹ್ನ ಇಂಜಿನ್ ಸ್ಟಾರ್ಟ್ ಆಯಿತು. ಆಮೇಲೂ ತೋಟದ ಕೆಲಸ ಮುಗಿಸಿ ಮಧ್ಯಾಹ್ನಗಳಲ್ಲೇ ಸ್ಟಾರ್ಟ್ ಮಾಡಿ ನೋಡುತ್ತಿದ್ದೆ. ಒಂದು ದಿನವೂ ಕೈಕೊಡಲಿಲ್ಲ.

ಅಟ್ಟ ಇಳಿಸುವ ದಿನ ಬಂದದ್ದು ಮಾಗಿಯ ಚಳಿಯಲ್ಲಿ. ಕಾಯಿ ಸುಲಿಯುವವರು ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತರು. ಇಂಜಿನ್ ಸ್ಟಾರ್ಟ್ ಆಯಿತು. ಆಕ್ಸಿಲರೇಟರ್ ಒತ್ತಿದೆ, ಕೆಮ್ಮಿ ಆರಿಹೋಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆರಿತು. ಪ್ಲಗ್ ಬಿಚ್ಚಿ ಒರೆಸಿದೆ. ಊಹೂಂ.

ಸುಲಿಯುವವರಲ್ಲಿ ಹಿರಿಯನೊಬ್ಬ, ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೊಬ್ಬರಿಯ ಸದ್ದು ಕೇಳುವ ಹಾಗೆ, ಕಾರಿನ ಬಾಗಿಲು ಹಿಡಿದು ಅಲ್ಲಾಡಿಸಿದ. "ಗಡಗಡ ಅಂತೈತೆ ಕಣ್ರೀ, ಚೆನ್ನಾಗಿ ಒಣಗೈತೆ. ಒಡೆದುಬುಡಿ!"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ, ಜೇಬಿನಿಂದ ಫೋನ್ ತೆಗೆದರು.

"ಒಂದ್ನಿಮಿಷ ಅಪ್ಪಾ," ಎಂದು ಒರೆಸುವ ಬಟ್ಟೆಗಾಗಿ ಹಿತ್ತಿಲಿಗೆ ಓಡಿದೆ. ಅಲ್ಲಿ ಅಮ್ಮ ತಲೆ ಬಿಚ್ಚಿಕೊಂಡು, ಎಣ್ಣೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕಾಯುತ್ತಿದ್ದಳು. ಬಾಟಲಿಯೊಳಗೆ ಕೊಬ್ಬರಿ ಎಣ್ಣೆ ಚಳಿಗೆ ಬೆಳ್ಳಗೆ ಗಟ್ಟಿಯಾಗಿತ್ತು.

ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮನೆಯಲ್ಲಿ ಎಣ್ಣೆ ಎಂದರೆ ಒಂದೇ. ತಲೆಗೂ ಅದೇ, ಬಾಗಿಲ ಬೀಗಕ್ಕೂ ಅದೇ. ಕಾರ್ಬ್ಯುರೇಟರಿಗೂ ನಾನು ಅದೇ ಬಾಟಲಿಯಿಂದ ಹಾಕಿದ್ದೆ. ಅಲ್ಲೂ ಅದು ಗಟ್ಟಿಯಾಗಿ ಪಿಸ್ಟನ್ನನ್ನು ಮೇಲೇಳಲು ಬಿಡುತ್ತಿರಲಿಲ್ಲ.

ಹಂಡೆಯ ಬಿಸಿನೀರಿನಲ್ಲಿ ಟವೆಲ್ ಅದ್ದಿ ಓಡಿಬಂದು ಆ ಕೊಳವೆಗೆ ಸುತ್ತಿದೆ. ಕೈ ಸುಟ್ಟಿತು. ಮತ್ತೆ ಹೋಗಿ ಅದ್ದಿ ತಂದೆ.

"ಕಾರಿಗೆ ಬಾಣಂತಿ ಸ್ನಾನ ಮಾಡಿಸ್ತಾವ್ಳೆ," ಎಂದ ಹಿರಿಯ.

ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಗುಡುಗಿತು. ಹೊಸ್ತಿಲು ದಾಟುವಾಗ ಗಾಡಿ ಒಮ್ಮೆ ಎಗರಿತು, ಅಷ್ಟೇ. ಕಣದ ನಡುವೆ ನಿಲ್ಲಿಸಿದೆ. ಆಫ್ ಮಾಡಲು ಧೈರ್ಯ ಬರಲಿಲ್ಲ. ಅಪ್ಪ ಒಂದು ಸುತ್ತು ಬಂದು ಟೈರು ಒದ್ದು ನೋಡಿದರು. ಫೋನ್ ಜೇಬಿಗೆ ಹೋಯಿತು.

"ಹೊಸಾ ಕಾಯಿ ಅಟ್ಟಕ್ಕೆ ಹಾಕಿದ್ಮೇಲೆ ಕೆಳಗೇ ನಿಲ್ಸ್ಕೋ. ಆದ್ರೆ ತಾನಾಗೇ ಒಳಗೆ ಹೋಗ್ಬೇಕು, ತಾನಾಗೇ ಹೊರಗೆ ಬರ್ಬೇಕು."

ತಲೆಯಾಡಿಸಿದೆ. ಈ ಸಲ ಮೂತಿ ಮುಂದಾಗಿ ಒಳಗೆ ಹೋಗುವ ಗಾಡಿ ಹೊರಗೆ ಬರಲು ರಿವರ್ಸ್ ಬೇಕು. ರಿವರ್ಸ್ ಗೇರು ಇನ್ನೂ ಬೀಳುತ್ತಿರಲಿಲ್ಲ. ಅಂದು ಮಧ್ಯಾಹ್ನ ಅನ್ನ ಕಲಸಿಟ್ಟು ಮತ್ತೆ ಎದ್ದುಹೋದೆ.