ಗಾಜಿನ ಮೇಲೊಂದು ಗಾಜು

ಒಡೆಯುವುದಿಲ್ಲವೆಂದು ಆಣೆ ಮಾಡಿ ಮಾರಿದ ಗಾಜಿಗೆ, ಒಡೆಯದಿರಲೆಂದು ಅಲ್ಲಿಯೇ ಇನ್ನೊಂದು ಗಾಜು ಅಂಟಿಸಿಕೊಡುವ ವ್ಯಾಪಾರ ಈ ಲೋಕದಲ್ಲಿ ಮೊಬೈಲಿನದೊಂದೇ ಇರಬೇಕು. ಛತ್ರಿ ನೆನೆಯಬಾರದೆಂದು ಛತ್ರಿಗೊಂದು ರೇನ್‌ಕೋಟು ಹೊಲಿಸುವ ಬುದ್ಧಿ ನಮ್ಮವರಿಗೆ ಇನ್ನೂ ಬಂದಿಲ್ಲ. ಬಂದರೆ ಮೊದಲ ಗಿರಾಕಿ ನಾನೇ.

ಈ ಗಾಜಿನ ವಿಕಾಸವನ್ನು ನಾನು ಕಣ್ಣಾರೆ ಕಂಡವನು. ನನ್ನ ಮೊದಲ ಫೋನಿಗೆ ಇದ್ದದ್ದು ಎರಡು ಬೆರಳಗಲದ ಪ್ಲಾಸ್ಟಿಕ್ ಕಿಟಕಿ; ಮೆಟ್ಟಿಲಿನಿಂದ ಉರುಳಿ ಬಿದ್ದರೂ ಮೈ ಕೊಡವಿಕೊಂಡು ರಿಂಗಾಗುತ್ತಿತ್ತು. ಆಮೇಲೆ ಕಡ್ಡಿಯಿಂದ ಒತ್ತುವ ಮೆತ್ತನೆಯ ಪರದೆ ಬಂದು, ಪಾಟಿ-ಬಳಪ ಬಿಟ್ಟು ಎಷ್ಟೋ ಕಾಲವಾಗಿದ್ದ ನಮಗೆಲ್ಲ ಮತ್ತೊಮ್ಮೆ ಅಕ್ಷರಾಭ್ಯಾಸವಾಯಿತು. ಅನಂತರ ಬೆರಳು ಸೋಕಿದರೆ ಸಾಕೆನ್ನುವ ನುಣುಪು ಗಾಜು. ಅಂದಿನಿಂದ ಅದು ವರ್ಷವರ್ಷವೂ ಹೆಚ್ಚು ಗಟ್ಟಿಯಾಗುತ್ತಿದೆಯೆಂದು ಜಾಹೀರಾತುಗಳು ಸಾರುತ್ತಿವೆ. ಈಗಂತೂ ಅಂಚಿನಲ್ಲಿ ಬಾಗುತ್ತದೆ, ಚಪಾತಿಯಂತೆ ಮಡಚಿಕೊಳ್ಳುತ್ತದೆ. ಗಾಜು ಗಟ್ಟಿಯಾದಷ್ಟೂ ಅದನ್ನು ಕೊಂಡವನ ಎದೆ ಪುಕ್ಕಲಾಗುವುದು ಹೇಗೆಂದು ಮಾತ್ರ ಯಾವ ಜಾಹೀರಾತೂ ಹೇಳುವುದಿಲ್ಲ.

ಅದರಲ್ಲೂ ನಮ್ಮದು ಜೋಪಾನದ ವಂಶ. ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಟೀವಿಯ ರಿಮೋಟು ಇಂದಿಗೂ ಪ್ಲಾಸ್ಟಿಕ್ ಚೀಲದೊಳಗೆ ರಬ್ಬರ್ ಬ್ಯಾಂಡು ಬಿಗಿದುಕೊಂಡು ಮಲಗಿದೆ. ಸೋಫಾ ಬಂದು ಆರು ವರ್ಷವಾದರೂ ಅದರ ಬಟ್ಟೆಯನ್ನು ಮುಟ್ಟಿದವರಿಲ್ಲ. ಇಂಥ ನಾನು ಧಾರವಾಡದಲ್ಲಿರುವ ಸೋದರತ್ತೆ ಸುಭದ್ರಾಬಾಯಿಗೆ ಫೋನು ಕೊಡಿಸಿದೆ. ಕಾರ್ಖಾನೆಯಿಂದ ಬಂದ ತೆಳು ಹಾಳೆಯನ್ನು ಕೀಳಗೊಡದೆ ಅದರ ಮೇಲೆಯೇ ಒಂದು ಗಾಜು ಹಾಕಿಸಿದೆ. ಅದಕ್ಕೊಂದು ಗೀರು ಬಿದ್ದಾಗ, ಹಳೆಯದನ್ನು ತೆಗೆಯಬೇಕೆಂದ ಅಂಗಡಿಯವನನ್ನು ಗದರಿಸಿ, ಮೇಲೆ ಮತ್ತೊಂದನ್ನು ಹಾಕಿಸಿದೆ. ಇದ್ದದ್ದನ್ನು ಯಾಕೆ ಕಳೆಯಬೇಕು, ನೀವೇ ಹೇಳಿ.

ಅತ್ತೆ ಐವತ್ತು ವರ್ಷ ತಂಬೂರಿ ಮೀಟಿ ಸಂಗೀತ ಕಲಿಸಿದವರು. ತೋರುಬೆರಳ ತುದಿ ಜಡ್ಡುಗಟ್ಟಿದೆ. ಮಿರಜದಲ್ಲಿರುವ ಅವರ ಗೆಳತಿ ಗಂಗಾಬಾಯಿ ಪ್ರತಿ ಸೋಮವಾರ ಬೆಳಿಗ್ಗೆ ಫೋನು ಮಾಡುತ್ತಾರೆ. ಇಬ್ಬರೂ ಒಂದಿಷ್ಟು ಹಾಡಿಕೊಂಡು, ಮಿಕ್ಕವರ ಗಾಯನವನ್ನು ಮನಸಾರೆ ಬೈದು ವಾರ ಆರಂಭಿಸುತ್ತಾರೆ. ಎರಡನೆಯ ಗಾಜು ಬಂದ ಮೇಲೆ ನಾಲ್ಕು ಸೋಮವಾರ ಅತ್ತೆ ಬೆರಳು ಉಜ್ಜಿದ್ದೇ ಉಜ್ಜಿದ್ದು. ಕರೆ ಸ್ವೀಕರಿಸಲಾಗಲಿಲ್ಲ, ತಿರುಗಿ ಮಾಡಲೂ ಆಗಲಿಲ್ಲ. ಐದನೆಯ ಸೋಮವಾರ ಗಂಗಾಬಾಯಿ ಫೋನು ಮಾಡಲೇ ಇಲ್ಲ.

ನಾನು ಹೋಗುವ ಹೊತ್ತಿಗೆ ಅತ್ತೆ, ಪಾಠಕ್ಕೆ ಬರುವವರಿಗೆಲ್ಲ ಇನ್ನು ಬರಬೇಡಿರೆಂದು ಹೇಳಿಬಿಟ್ಟಿದ್ದರು. ಯಾಕೆಂದು ಕೇಳಿದೆ. ತಮ್ಮ ಬೆರಳನ್ನೇ ನೋಡಿಕೊಂಡರು.

"ಇದು ಜೀವಂತ ಬೆರಳು ಅಂತ ಆ ಫೋನಿಗೆ ತಿಳಿಯೂದಿಲ್ಲಪಾ. ಗಂಗಾನೂ ಸಿಟ್ಟಾಗ್ಯಾಳ. ನಂದು ಮುಗೀತು ಕಾಣಸ್ತದ."

ನನಗೆ ನಾಚಿಕೆಯಾಯಿತು. ಜೀವಂತ ಬೆರಳಿನ ಸೂಕ್ಷ್ಮ ವಿದ್ಯುತ್ತನ್ನು ಗಾಜು ಗುರುತಿಸುತ್ತದೆಂದು ಅತ್ತೆಗೂ ಊರಿಗೂ ಪಾಠ ಹೇಳಿದ ಪಂಡಿತ, ಆ ಬೆರಳಿಗೂ ಫೋನಿಗೂ ನಡುವೆ ಮೂರು ಗೋಡೆ ಕಟ್ಟಿ ಕೂತಿದ್ದೆ. ತಪ್ಪು ಬೆರಳಿನದಲ್ಲ, ನನ್ನದು ಎಂದು ಒಪ್ಪಿಕೊಂಡು, ಉಗುರಿನಿಂದ ಎಬ್ಬಿಸಿ ಒಂದೊಂದೇ ಪದರ ಕಿತ್ತೆ. ಕಾರ್ಖಾನೆಯ ಹಾಳೆಯನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡೆ. ಅತ್ತೆ ಗಂಗಾಬಾಯಿಯ ಹೆಸರಿನ ಮೇಲೆ ಅನುಮಾನದಿಂದಲೇ ಬೆರಳಿಟ್ಟರು. ಬೋಳು ಗಾಜು ಮೊದಲ ಸಲಕ್ಕೇ ಒಪ್ಪಿತು. ನಾನು ಸ್ಪೀಕರ್ ಹಾಕಿದೆ. ಗಂಗಾಬಾಯಿ ಎತ್ತಿದರು.

"ಸಿಟ್ಟು ಬಿಡ, ಗಂಗಾ," ಎಂದರು ಅತ್ತೆ. "ನಮ್ಮ ಅಣ್ಣನ ಮಗ ನನ್ನ ಫೋನಿಗೆ ಮೂರು ಕೌದಿ ಹೊಚ್ಚಿದ್ದ."

ಆ ಕಡೆಯಿಂದ ಗಂಗಾಬಾಯಿಯ ನಡುಗುವ ದನಿ ಮೆಲ್ಲಗೆ ಷಡ್ಜ ಹಿಡಿಯಿತು. ಅತ್ತೆ ತಂಬೂರಿಗೆ ಕೈ ಚಾಚಿದ ರಭಸಕ್ಕೆ ಫೋನು ಮಡಿಲಿನಿಂದ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಗಾಜಿನ ಮೂಲೆಯಿಂದ ಮೂಲೆಗೆ ಬಿರುಕು. ಹಾಡು ನಿಲ್ಲಲಿಲ್ಲ. ನಾನೂ ಎತ್ತಲು ಏಳಲಿಲ್ಲ.